ಮಣ್ಣಿನ ಚೀಟಿ

(ಮೊರಬ. ಹಿಂಗಾರಿ ಬಿತ್ತನೆಗೆ ಮುಂಚಿನ ಒಂದು ಸಂಜೆ. ಗುಡಿ ಕಟ್ಟೆಯ ಮೇಲೆ ವಯಸ್ಸಾದ ಮಾಸ್ತರು, ಅವರಲ್ಲೇ ಕಲಿತ ಒಬ್ಬ ರೈತ.)

ರೈತ: ಮಾಸ್ತರ್ರ, ಹದಿನೈದು ವರ್ಷದ ಹುಡುಗರಿಗೆ ಜಗತ್ತಿಗೆಲ್ಲಾ ಒಂದ ಪರೀಕ್ಷೆ ಅಂತಲ್ರಿ, ಏನದು?

ಮಾಸ್ತರು: ಪೀಸಾ ಅಂತಾರ ತಮ್ಮಾ. ಒಇಸಿಡಿ ಅನ್ನೋ ದೇಶಗಳ ಕೂಟ 2000ದಾಗ ಚಾಲೂ ಮಾಡಿತು. ಓದು, ಗಣಿತ, ವಿಜ್ಞಾನ. ಬಾಯಿಪಾಠ ಕೇಳೂದಿಲ್ಲ, ಕಲಿತದ್ದನ್ನ ಬದುಕಿಗೆ ಹಚ್ಚಾಕ ಬರ್ತೈತೇನು ಅಂತ ನೋಡ್ತೈತಿ.

ರೈತ: ನಮ್ಮ ದೇಶದವರು ಬರದಾರೇನ್ರಿ?

ಮಾಸ್ತರು: 2009ರ ಸುತ್ತಿನ್ಯಾಗ ತಮಿಳುನಾಡು, ಹಿಮಾಚಲ ಪ್ರದೇಶದ ಮಕ್ಕಳು ಬರದ್ರು. ಓದಿನ್ಯಾಗ ಶಾಂಘಾಯಿ ಮೊದಲು. ನಮ್ಮವರಕಿಂತ ಕೆಳಗ ಕಿರ್ಗಿಸ್ತಾನ ಒಂದ. ಪ್ರಶ್ನೆ ನಮ್ಮ ಮಕ್ಕಳ ಬದುಕಿಗೆ ಹೊಂದೂದಿಲ್ಲ ಅಂತ ಸರಕಾರ ಹಿಂದ ಸರೀತು.

ರೈತ: ಖರೇನ ಅಲ್ರಿ? ಮುಷ್ಟಿ ಮಣ್ಣು ಹಿಡದು, ಬಿತ್ತಾಕ ಹಸಿ ಸಾಕೋ ಇಲ್ಲೋ ನನ್ನ ಮಗಳು ಹೇಳ್ತಾಳ. ಅದಕ್ಕ ಅಂಕ ಎಲ್ಲೈತಿ?

ಮಾಸ್ತರು: ಇಲ್ಲ. ಅದು ಆ ಪರೀಕ್ಷೆಯ ಮಿತಿ. ನೀ ಧಾರವಾಡದಾಗ ಮಣ್ಣು ಪರೀಕ್ಷೆಗೆ ಹೆಂಗ ಕೊಟ್ಟಿ?

ರೈತ: ಹೊಲದಾಗ ಹತ್ತಾರು ಕಡೆ ತೋಡಿ, ಕೂಡಿಸಿ, ಅರ್ಧ ಕಿಲೋ ಕೊಟ್ಟೆ.

ಮಾಸ್ತರು: ಪೀಸಾನೂ ಹಂಗ. ಆರಿಸಿದ ಸಾಲಿಗಳಿಂದ ಕೆಲವು ಮಕ್ಕಳು. ಯಾರಿಗೂ ಪಾಸು-ನಪಾಸು ಇಲ್ಲ. ಸಾರಜನಕ ಕಡಿಮಿ ಅಂತ ಚೀಟಿ ಬಂದ್ರ ಮಣ್ಣಿಗೆ ಬೈತೀಯೇನು?

ರೈತ: ಮಣ್ಣಿಗ್ಯಾಕ ಬೈಯಲಿ? ಗೊಬ್ಬರ ಹಾಕದವ ನಾನ.

ಮಾಸ್ತರು: ಇಲ್ಲೂ ಅಷ್ಟ. ತಪ್ಪು ಮಕ್ಕಳದಲ್ಲ, ಕಲಿಸೋ ನಮ್ಮದು. ಚೀಟಿ ಹರಿದು ಒಗದ್ರ ಹೊಲ ಫಲವತ್ತಾಗೂದಿಲ್ಲ.

ರೈತ: ಆದ್ರ ಎರಿ ಮಣ್ಣು, ಮಸಾರಿ ಮಣ್ಣು ಜೋಡಿ ಇಟ್ಟು ಇದು ಮೊದಲು, ಇದು ಕಡಿಗೆ ಅಂತ ನಾವು ಅನ್ನೂದಿಲ್ರಿ. ಒಂದಕ್ಕ ಕಡಲಿ, ಒಂದಕ್ಕ ಶೇಂಗಾ.

ಮಾಸ್ತರು: ಸರಿ ಹಿಡದಿ. ಯಾರು ಮುಂದ, ಯಾರು ಹಿಂದ ಅನ್ನೂದು ಹೊಟ್ಟು. ಆದ್ರ ಹೊಟ್ಟಿನ ಜೋಡಿ ಕಾಳನ್ನೂ ತೂರಬಾರದು. ಬರದದ್ದು ತಿಳೀದ ಮಗು ಶಾಂಘಾಯಿದಾಗೂ ಮೋಸ ಹೋಗ್ತೈತಿ, ನವಲಗುಂದದಾಗೂ ಹೋಗ್ತೈತಿ. ಸಾಲದ ಕಾಗದ, ಎಣ್ಣಿ ಹೊಡಿಯೋ ಔಷಧದ ಡಬ್ಬಿ, ಇವಕ್ಕ ಊರು ಗೊತ್ತಿಲ್ಲ.

ರೈತ: (ತುಸು ಹೊತ್ತು ಸುಮ್ಮನಿದ್ದು) ಆ ಮಣ್ಣಿನ ಚೀಟಿ ಇನ್ನೂ ಟ್ರಂಕಿನ್ಯಾಗ ಐತ್ರಿ. ನಾನ ಪೂರ್ತಿ ಓದಿಲ್ಲ. ಮಗಳು ಹತ್ತನೇತ್ತ, ಆಕಿ ಕೈಯಾಗ ಕೊಡಲೇನ್ರಿ?

ಮಾಸ್ತರು: ಇವತ್ತ ಕೊಡು. ಎಕರೆಕ್ಕ ಎಷ್ಟು ಗೊಬ್ಬರ ಬೇಕು, ಯಾಕ ಬೇಕು, ಆಕಿ ಹೇಳಲಿ. ತಿಳೀಲಿಲ್ಲಂದ್ರ ಬೈಬ್ಯಾಡ. ಚೀಟಿ ತಗೊಂಡು ಇಬ್ಬರೂ ಸಾಲಿಗೆ ಬರ್ರಿ. ಉತ್ತರ ಕೊಡಬೇಕಾದವರು ನಾವು.