ಬಾಗಿಲಿದ್ದ ಪೆಟ್ಟಿಗೆ

ಟಿ.ವಿ. ಮನೆಗಳಿಗೆ ಬಂದ ಆರಂಭದ ದಿನಗಳನ್ನು ನೆನೆಯುವಾಗ ಹಿರಿಯರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: "ಆಗ ಜನರಲ್ಲಿ ಸಂಯಮವಿತ್ತು." ಈ ಮಾತು ಎಷ್ಟರ ಮಟ್ಟಿಗೆ ಸರಿ?

ನಮ್ಮ ದೇಶದಲ್ಲಿ ಟಿ.ವಿ. ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದಿಲ್ಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ದಿನನಿತ್ಯದ ಪ್ರಸಾರಕ್ಕೆ 1965ರ ವರೆಗೆ ಕಾಯಬೇಕಾಯಿತು. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸುವ ಪ್ರಯೋಗ ನಡೆಯಿತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಆ ಸೆಟ್ಟುಗಳು ಒಬ್ಬರ ಮನೆಯವಲ್ಲ, ಇಡೀ ಊರಿನವು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೂ ಬಣ್ಣವೂ ಬಂದ ಬಳಿಕವೇ ಟಿ.ವಿ. ಮಧ್ಯಮ ವರ್ಗದ ಮನೆಗಳನ್ನು ವೇಗವಾಗಿ ಹೊಕ್ಕಿತು.

ಆ ಪೆಟ್ಟಿಗೆಗೆ ಮಿತಿಗಳು ಅನೇಕ. ಇದ್ದದ್ದು ದೂರದರ್ಶನವೊಂದೇ. ಪ್ರಸಾರ ಕೆಲವೇ ಗಂಟೆಗಳದು. ಗಾಳಿಗೆ ಅಂಟೆನಾ ತಿರುಗಿದರೆ ಚಿತ್ರ ಮಾಯ. ಒಬ್ಬನು ಮಾಡು ಹತ್ತಿ ಅದನ್ನು ತಿರುಗಿಸಬೇಕು, ಇನ್ನೊಬ್ಬನು ಕೆಳಗಿನಿಂದ ಕೂಗಿ ಹೇಳಬೇಕು. ಕೆಲವು ಸೆಟ್ಟುಗಳಿಗೆ ಮರದ ಬಾಗಿಲೂ ಇತ್ತು. ರಾತ್ರಿ ಪ್ರಸಾರ ಮುಗಿದರೆ ಪರದೆಯ ತುಂಬ ಬರೀ ಚುಕ್ಕೆಗಳು. ಜನರು ಎದ್ದು ಮಲಗುತ್ತಿದ್ದರು.

ಹಾಗಾದರೆ ಸಂಯಮವಿದ್ದುದು ಯಾರಲ್ಲಿ? ನೋಡುವವರಲ್ಲೋ, ಯಂತ್ರದಲ್ಲೋ? ರಮಝಾನಿನ ಉಪವಾಸವನ್ನು ನೆನೆಯಿರಿ. ಅನ್ನವಿಲ್ಲದೆ ಹಸಿದವನನ್ನು ಯಾರೂ ಉಪವಾಸಿಗನೆನ್ನುವುದಿಲ್ಲ. ಅನ್ನ ಎದುರಿಗಿದ್ದರೂ ಸಂಕಲ್ಪ ಮಾಡಿ ಕೈ ತಡೆಯುವವನೇ ಉಪವಾಸಿಗ. 1991ರ ನಂತರ ಕೇಬಲ್ ಮತ್ತು ಉಪಗ್ರಹ ಚಾನೆಲ್‌ಗಳು ಬಂದಾಗ, ಹಿಂದೆ ಬೇಗನೆ ಮಲಗುತ್ತಿದ್ದ ಎಷ್ಟೋ ಮನೆಗಳಲ್ಲಿ ನಡುರಾತ್ರಿಯಾದರೂ ದೀಪ ಆರಲಿಲ್ಲ. ಮನುಷ್ಯರು ಅವರೇ, ತಡೆಯೊಂದು ಮಾತ್ರ ಹೋಗಿತ್ತು.

ಆ ಕಾಲವನ್ನು ಹೊಗಳುವಾಗ ಇನ್ನೊಂದನ್ನು ಮರೆಯಬಾರದು. ಬೀದಿಗೊಂದೇ ಟಿ.ವಿ. ಇದ್ದಾಗ ನೆರೆಹೊರೆಯವರು ಒಟ್ಟಿಗೆ ಕೂತದ್ದು ನಿಜ. ಆದರೆ ಯಾರು ಚಾಪೆಯ ಮೇಲೆ, ಯಾರು ಕಿಟಕಿಯ ಹೊರಗೆ ಎಂಬುದನ್ನು ಮನೆಯ ಯಜಮಾನನೇ ನಿರ್ಧರಿಸುತ್ತಿದ್ದನು. ಸರಳು ಹಿಡಿದು ನಿಂತು ನೋಡಿದ ಬಡ ಮಕ್ಕಳಿಗೆ ಆ ಕೊರತೆ ಕಲಿಸಿದ್ದು ಸಂಯಮವನ್ನಲ್ಲ, ತಮ್ಮ ಸ್ಥಾನ ಯಾವುದೆಂಬುದನ್ನು.

ಹಾಗೆಂದು ಹೊರಗಿನ ಮಿತಿಗೆ ಬೆಲೆಯೇ ಇಲ್ಲವೆಂದಲ್ಲ. ಗಿಡಕ್ಕೆ ಬೇಲಿ ಬೇಕು, ಅದು ಮರವಾಗುವ ತನಕ. ಆ ಮಿತಿಯು ನಮಗೆ ನಿದ್ದೆಯನ್ನೂ ಮಾತುಕತೆಯನ್ನೂ ಓದುವ ಬಿಡುವನ್ನೂ ಕೊಟ್ಟಿತ್ತು. ಬೇಲಿ ಇದ್ದ ಆ ವರ್ಷಗಳಲ್ಲಿ ನಾವು ಬೇರು ಬೆಳೆಸಲಿಲ್ಲ ಎಂಬುದೇ ದುಃಖದ ವಿಷಯ.

ಇಂದು ಪ್ರತಿಯೊಬ್ಬರ ಅಂಗೈಯಲ್ಲೂ ಪರದೆಯಿದೆ. ಅದಕ್ಕೆ ಪ್ರಸಾರ ಮುಗಿಯುವ ಹೊತ್ತೆಂಬುದಿಲ್ಲ. ಪಕ್ಕದಲ್ಲಿ ಹಿರಿಯರು ಕೂತಿದ್ದಾರೆಂಬ ಸಂಕೋಚವೂ ಇಲ್ಲ. ಮಕ್ಕಳ ಕೈಯಿಂದ ಫೋನು ಕಿತ್ತುಕೊಂಡು ತಾನು ಅದರಲ್ಲೇ ಮುಳುಗುವ ತಂದೆಯು ಮಕ್ಕಳಿಗೆ ಕಲಿಸುವುದು ಒಂದೇ: ಮಿತಿ ಎಂಬುದು ದುರ್ಬಲರಿಗೆ ಮಾತ್ರ. ರಾತ್ರಿ ಇಂತಿಷ್ಟು ಹೊತ್ತಿಗೆ ಎಲ್ಲರ ಫೋನುಗಳೂ, ಮೊದಲು ದೊಡ್ಡವರದು, ಒಂದೆಡೆ ಸೇರಲಿ. ಕಣ್ಣು ಕಿವಿಗಳ ಲೆಕ್ಕವನ್ನು ಒಂದು ದಿನ ಒಪ್ಪಿಸಬೇಕೆಂದು ನಂಬುವವರು, ಅಂದು ಪೆಟ್ಟಿಗೆಗಿದ್ದ ಬಾಗಿಲನ್ನು ಇಂದು ತಮ್ಮೊಳಗೇ ಕಟ್ಟಿಕೊಳ್ಳಬೇಕಾಗಿದೆ.