ಎರವಲು ಕೊಡುವ ಧರ್ಮ, ಮರಳಿಸುವ ಧರ್ಮ



ಆಶ್ವೀಜ ಶುದ್ಧ ನವಮಿಯಂದು ನಮ್ಮ ಸೀಮೆಯ ಮನೆಮನೆಗಳಲ್ಲಿ ಖಂಡೇಪೂಜೆ ನಡೆಯುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎರೆಭೂಮಿಯ ಒಕ್ಕಲಿಗರು ಕೂರಿಗೆ, ಕುಂಟಿ, ಕುಡಗೋಲುಗಳನ್ನು ತೊಳೆದು ಪೂಜಿಸುತ್ತಾರೆ. ಸುರೇಬಾನದ ನೇಕಾರರು ಮಗ್ಗಕ್ಕೂ ಲಾಳಿಗೂ ಕುಂಕುಮವಿಡುತ್ತಾರೆ. ಬಡಿಗರು ಉಳಿ, ಬಾಚಿ, ಗರಗಸಗಳನ್ನು, ವ್ಯಾಪಾರಸ್ಥರು ತ್ರಾಸು ಲೆಕ್ಕಪುಸ್ತಕಗಳನ್ನು, ಚಾಲಕರು ವಾಹನಗಳನ್ನು ಪೂಜೆಗಿಡುತ್ತಾರೆ. ಮರುದಿನ ವಿಜಯದಶಮಿ, ಶ್ರೀಮದಾಚಾರ್ಯರು ಅವತರಿಸಿದ ಪುಣ್ಯದಿನವೂ ಅದೇ.

ಈ ಸಂದರ್ಭದಲ್ಲಿ ಪ್ರವಚನವು ಮುಗಿದ ಮೇಲೆ ಆಸ್ತಿಕರು ಕೇಳುವ ಒಂದು ಪ್ರಶ್ನೆಯುಂಟು: “ಹೀಗೆ ದೇವರೆಂದು ಪೂಜಿಸಿದ ಸಲಕರಣೆಯನ್ನು ಸ್ನೇಹಿತನು ಬಂದು ಕೇಳಿದರೆ ಕೊಡಬೇಕೋ, ಬಾರದೋ? ಕೊಟ್ಟರೆ ಮುರಿದು ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಕೊಡದಿದ್ದರೆ ಸ್ನೇಹ ಮುರಿಯುತ್ತದೆ.” ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆಯಂತೆ ತೋರುತ್ತದೆ. ಆದರೆ ಒಂದು ಹಾರೆ, ಒಂದು ಹಗ್ಗ, ಒಂದು ಪಂಪಿನ ಕಾರಣದಿಂದ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಲ್ಲುವುದನ್ನು ನಾವೆಲ್ಲರೂ ಬಲ್ಲೆವು. ಆದ್ದರಿಂದ ಶಾಸ್ತ್ರವು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ವಿಚಾರ ಮಾಡೋಣ.

ಮೊದಲನೆಯದಾಗಿ, ಸಲಕರಣೆಯು ಯಾರದು? ಶ್ರೀಮನ್ಮಧ್ವಸಿದ್ಧಾಂತದಲ್ಲಿ ಸ್ವತಂತ್ರನಾದವನು ಶ್ರೀಹರಿಯೊಬ್ಬನೇ. ಮಿಕ್ಕೆಲ್ಲವೂ ಅವನ ಅಧೀನ. ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರಕ್ಕೆ ಭಾಷ್ಯವನ್ನು ಬರೆಯುತ್ತ ಆಚಾರ್ಯರು, ಭಗವಂತನು ನಮಗೆ ಕೊಟ್ಟಷ್ಟರಿಂದಲೇ ನಾವು ಜೀವಿಸತಕ್ಕದ್ದೆಂಬ ಅರ್ಥವನ್ನು ತೋರಿಸಿಕೊಟ್ಟಿದ್ದಾರೆ. ಇದರಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ನಮ್ಮ ಕೈಯಲ್ಲಿರುವ ಕೂರಿಗೆಯು ನಿಜವಾಗಿ ನಮ್ಮದಲ್ಲವಾದ್ದರಿಂದ “ನನ್ನದು, ಕೊಡೆನು” ಎಂಬ ಗರ್ವಕ್ಕೆ ಎಡೆಯಿಲ್ಲ. ಅದು ಅವನು ನಂಬಿ ಒಪ್ಪಿಸಿದ ಒಡವೆಯಾದ್ದರಿಂದ ಅದನ್ನು ಹಾಳುಗೆಡಹುವವನ ಕೈಗೆ ಎಸೆಯುವ ಅಧಿಕಾರವೂ ನಮಗಿಲ್ಲ. ಲೋಭವೂ ದೋಷ, ಅಲಕ್ಷ್ಯವೂ ದೋಷ. ಇವೆರಡರ ನಡುವಿನ ದಾರಿಯನ್ನು ಕಾಣುವುದೇ ವಿವೇಕ.

ಎರವಲಿಗೆ ಮಹಾಭಾರತದಲ್ಲಿರುವ ದೊಡ್ಡ ದೃಷ್ಟಾಂತವು ಗಾಂಡೀವ. ಅರ್ಜುನನೆಂದೊಡನೆ ನೆನಪಾಗುವ ಆ ಧನುಸ್ಸು ಮೂಲತಃ ಅರ್ಜುನನದಲ್ಲ. ಖಾಂಡವವನವನ್ನು ದಹಿಸಬೇಕಾದಾಗ ಅಗ್ನಿದೇವನು ವರುಣನನ್ನು ಬೇಡಿ ಗಾಂಡೀವವನ್ನೂ ಎರಡು ಅಕ್ಷಯ ತೂಣೀರಗಳನ್ನೂ ರಥವನ್ನೂ ತರಿಸಿಕೊಟ್ಟನು. ಮುಂದೆ ಯುದ್ಧವು ಮುಗಿದು, ಶ್ರೀಕೃಷ್ಣನು ಸ್ವಧಾಮಕ್ಕೆ ತೆರಳಿ, ಪಾಂಡವರು ರಾಜ್ಯವನ್ನು ಬಿಟ್ಟು ಮಹಾಪ್ರಸ್ಥಾನಕ್ಕೆ ಹೊರಟರು. ಎಲ್ಲವನ್ನೂ ತ್ಯಜಿಸಿದ್ದ ಅರ್ಜುನನು ಗಾಂಡೀವವನ್ನು ಮಾತ್ರ ಬಿಟ್ಟಿರಲಿಲ್ಲ. ಆ ರತ್ನದಂಥ ಧನುಸ್ಸಿನ ಮೇಲಿನ ಲೋಭವೇ ಅದಕ್ಕೆ ಕಾರಣವೆಂದು ವ್ಯಾಸರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆಗ ಅಗ್ನಿಯು ದಾರಿಗೆ ಅಡ್ಡವಾಗಿ ನಿಂತು, ಇದರ ಕಾರ್ಯವು ಮುಗಿಯಿತು, ವರುಣನಿಂದ ತಂದದ್ದನ್ನು ವರುಣನಿಗೇ ಒಪ್ಪಿಸತಕ್ಕದ್ದೆಂದು ನೆನಪಿಸಿದನು. ಅರ್ಜುನನು ಮರುಮಾತಿಲ್ಲದೆ ಧನುಸ್ಸನ್ನೂ ತೂಣೀರಗಳನ್ನೂ ನೀರಿಗೆ ಒಪ್ಪಿಸಿದನು.

ಇಲ್ಲಿ ಗಮನಿಸಬೇಕಾದುದೇನು? ಕೊಟ್ಟದ್ದು ಒಂದು ಕಾರ್ಯಕ್ಕಾಗಿ. ಮರಳಿಸಿದ್ದು ಧನುಸ್ಸೊಂದನ್ನೇ ಅಲ್ಲ, ಜೊತೆಗೆ ಬಂದ ತೂಣೀರಗಳನ್ನೂ. ಪಂಪನ್ನು ಒಯ್ದವನು ಪಂಪನ್ನು ತಂದಿಟ್ಟು ಅದರ ಪೈಪನ್ನು ಮರೆತರೆ ಮರಳಿಸಿದಂತಾಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಬಹುಕಾಲ ಕೈಯಲ್ಲಿದ್ದ ಎರವಲು ವಸ್ತುವು ತನ್ನದೇ ಎನಿಸತೊಡಗುತ್ತದೆ. ಅರ್ಜುನನಂಥ ಜಿತೇಂದ್ರಿಯನಿಗೇ ಹಾಗಾಯಿತೆಂದ ಮೇಲೆ ನಮ್ಮ ನಿಮ್ಮ ಪಾಡೇನು? ಮರಳಿ ಕೊಡದ ಸ್ನೇಹಿತನು ಎಲ್ಲ ಸಂದರ್ಭಗಳಲ್ಲಿಯೂ ಕಳ್ಳನಲ್ಲ. ಬಹುಮಟ್ಟಿಗೆ ಅವನು ಮರೆತವನು. ಅವನಿಗೆ ನೆನಪು ಮಾಡಿಕೊಡುವುದು ಜಿಪುಣತನವಲ್ಲ, ಅಗ್ನಿದೇವನು ಮಾಡಿದ ಕಾರ್ಯವೇ ಅದು.

ಆದರೆ ಇದೇ ಅರ್ಜುನನಿಗೆ ಇನ್ನೊಂದು ವ್ರತವಿತ್ತು. ಗಾಂಡೀವವನ್ನು ಬೇರೊಬ್ಬನಿಗೆ ಕೊಡೆಂದವನ ತಲೆಯನ್ನು ಕತ್ತರಿಸುವೆನೆಂದು ಅವನು ಗುಟ್ಟಾಗಿ ಪ್ರತಿಜ್ಞೆ ಮಾಡಿದ್ದನು. ಕರ್ಣಪರ್ವದಲ್ಲಿ ನೊಂದ ಧರ್ಮರಾಜನೇ ಆ ಮಾತನ್ನಾಡಿದಾಗ ಅರ್ಜುನನು ಖಡ್ಗಕ್ಕೆ ಕೈಹಾಕಿದನು. ಶ್ರೀಕೃಷ್ಣನು ತಡೆದು, ಧರ್ಮದ ಸೂಕ್ಷ್ಮವನ್ನು ಬೋಧಿಸಿ, ಹಿರಿಯನನ್ನು ಏಕವಚನದಲ್ಲಿ ಜರಿಯುವುದೇ ಅವನನ್ನು ಕೊಂದುದಕ್ಕೆ ಸಮಾನವೆಂದು ತಿಳಿಸಿ, ಅಣ್ಣನ ಪ್ರಾಣವನ್ನೂ ತಮ್ಮನ ವ್ರತವನ್ನೂ ಉಳಿಸಿದನು. ಕೊಡಲಾಗದ ಸಲಕರಣೆಗಳು ಲೋಕದಲ್ಲಿ ಉಂಟೆಂಬುದು ಇದರಿಂದ ತಿಳಿಯುವ ಒಂದು ಮಾತು. ಬಡಿಗನ ಉಳಿಯ ಬಾಯಿಯು ಅವನ ಕೈಗೆ ತಕ್ಕಂತೆ ಹದಗೊಂಡಿರುತ್ತದೆ. ಬೇರೆ ಕೈಯಲ್ಲಿ ಒಂದು ಗಂಟೆಯಿದ್ದರೂ ಅದರ ಹದ ಕೆಡಬಹುದು. ಅದೇ ಅವನ ಅನ್ನ. ಅಂಥದನ್ನು “ಕೊಡಲಾಗದು” ಎಂದರೆ ತಪ್ಪಿಲ್ಲ. ಆದರೆ ಕೇಳಿದವನ ಮೇಲೆ ಸಿಟ್ಟಾಗುವುದು ತಪ್ಪು. ಇಲ್ಲವೆನ್ನುವುದನ್ನು ಮೃದುವಾಗಿ ಹೇಳಬಹುದು. “ಉಳಿ ಕೊಡಲಾರೆ, ನಾನೇ ಬಂದು ಆ ತೊಲೆ ಕೊರೆದುಕೊಡುತ್ತೇನೆ” ಎಂದರೆ ಸಲಕರಣೆಯೂ ಉಳಿಯಿತು, ಸ್ನೇಹವೂ ಉಳಿಯಿತು.

ಮನುಸ್ಮೃತಿಯೂ ಪರರು ಧರಿಸಿದ ಪಾದರಕ್ಷೆ, ವಸ್ತ್ರ, ಯಜ್ಞೋಪವೀತ, ಆಭರಣ, ಮಾಲೆ, ಕಮಂಡಲುಗಳನ್ನು ಬಳಸಬಾರದೆಂದು ಸ್ನಾತಕನಿಗೆ ನಿಯಮಿಸಿದೆ. ಆದ್ದರಿಂದ ಜಪಮಾಲೆ, ಪಂಚಪಾತ್ರೆಗಳಂಥ ಅನುಷ್ಠಾನದ ವಸ್ತುಗಳನ್ನು ಕೇಳದಿರುವುದೂ ಕೊಡದಿರುವುದೂ ಲೇಸು.

ಯಾರ ಕೈಗೆ ಏನನ್ನು ಕೊಡಬೇಕೆಂಬುದಕ್ಕೆ ರಾಮಾಯಣದ ಅರಣ್ಯಕಾಂಡದಲ್ಲಿ ಸೀತಾದೇವಿಯು ಶ್ರೀರಾಮನಿಗೆ ಹೇಳಿದ ಕಥೆಯೊಂದಿದೆ. ಶುಚಿಯಾದ ತಪಸ್ವಿಯೊಬ್ಬನ ಆಶ್ರಮಕ್ಕೆ ಇಂದ್ರನು ಯೋಧನ ವೇಷದಲ್ಲಿ ಬಂದು ತನ್ನ ಖಡ್ಗವನ್ನು ನ್ಯಾಸವಾಗಿಟ್ಟು ಹೋದನು. ಒಪ್ಪಿಸಿದ ವಸ್ತುವು ಕಳೆದುಹೋಗಬಾರದೆಂದು ತಪಸ್ವಿಯು ಹಣ್ಣುಕಾಯಿಗಳಿಗೆ ಹೋದಾಗಲೂ ಅದನ್ನು ಕೈಯಲ್ಲಿಯೇ ಹಿಡಿದನು. ಹಿಡಿದು ಹಿಡಿದು ಅವನ ಮನಸ್ಸು ಕ್ರೂರವಾಗಿ ತಪಸ್ಸು ಹಾಳಾಯಿತು. ಸಲಕರಣೆಯು ಹಿಡಿದವನನ್ನು ತನ್ನಂತೆ ಮಾಡಿಕೊಳ್ಳಬಲ್ಲದು. ಟ್ರ್ಯಾಕ್ಟರ್ ನಡೆಸಲು ಬಾರದ ಹುಡುಗನ ಕೈಗೆ ಅದರ ಕೀಲಿಯನ್ನು ಕೊಡುವುದು, ವಿಷಯುಕ್ತ ಔಷಧವನ್ನು ಸಿಂಪಡಿಸಿ ತೊಳೆಯದ ಪಂಪನ್ನು ಏನೂ ಹೇಳದೆ ಕೊಡುವುದು ಔದಾರ್ಯವಲ್ಲ. ಪಾತ್ರವನ್ನು ನೋಡದೆ ಕೊಟ್ಟ ದಾನವನ್ನು ಭಗವದ್ಗೀತೆಯು ತಾಮಸವೆಂದು ಎಣಿಸಿದೆ. ಎರವಲಿಗೂ ಆ ಮಾತು ಸಲ್ಲುತ್ತದೆ.

ಇನ್ನು ವ್ಯವಹಾರಶಾಸ್ತ್ರದ ಮಾತು. ಕನ್ನಡನಾಡಿನ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗವು ಆಸ್ತಿಯ ಹಂಚಿಕೆಯಲ್ಲಿ ಪ್ರಮಾಣವಾಗಿ ಒಪ್ಪಿದ ಗ್ರಂಥವದು. ಅದರಲ್ಲಿ “ಯಾಚಿತ”ವೆಂಬುದಕ್ಕೆ, ವಿವಾಹಾದಿ ಉತ್ಸವಗಳಲ್ಲಿ ಕೇಳಿ ತಂದ ವಸ್ತ್ರ, ಅಲಂಕಾರ ಮುಂತಾದುವು ಎಂಬ ವಿವರಣೆಯಿದೆ. ಎಂಟುನೂರು ವರ್ಷಗಳಿಗೂ ಹಿಂದೆ ನಮ್ಮವರು ಮದುವೆಗೆ ಒಡವೆಗಳನ್ನು ಎರವಲು ತರುತ್ತಿದ್ದರೆಂದು ಇದರಿಂದ ತಿಳಿಯುತ್ತದೆ. ನ್ಯಾಸವಾಗಿ ಇಟ್ಟ ವಸ್ತುವಿನ ನಿಯಮವನ್ನೇ ಸ್ಮೃತಿಯು ಇದಕ್ಕೂ ಹೇಳಿದೆ: ರಾಜನಿಂದ, ದೈವದಿಂದ, ಕಳ್ಳರಿಂದ ವಸ್ತುವು ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಆದರೆ ಒಡೆಯನು ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಿದ್ದು, ಅನಂತರ ನಷ್ಟವಾದರೆ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಹೊಳೆಯ ಪೂರದಲ್ಲಿ ಕೊಚ್ಚಿಹೋದ ಹಗ್ಗಕ್ಕಾಗಿ ಜಗಳ ಮಾಡಬಾರದು. ಮೂರು ಬಾರಿ ಕೇಳಿದ ಮೇಲೂ ಬಾರದೆ, ಅಂಗಳದ ಮಳೆಯಲ್ಲಿ ತುಕ್ಕು ಹಿಡಿದ ಕುಂಟಿಯನ್ನು “ದೈವೇಚ್ಛೆ” ಎನ್ನಬಾರದು.

1872ರ ಭಾರತೀಯ ಕರಾರು ಕಾಯಿದೆಯೂ ಬಹುಮಟ್ಟಿಗೆ ಇದೇ ದಾರಿಯಲ್ಲಿದೆ. ತನ್ನ ವಸ್ತುವಿನಲ್ಲಿ ತಾನು ಬಲ್ಲ ಕೊರತೆಯನ್ನು ಕೊಡುವವನು ತಿಳಿಸಬೇಕು. ತೆಗೆದುಕೊಂಡವನು ಸಾಮಾನ್ಯ ವಿವೇಕಿಯೊಬ್ಬನು ತನ್ನ ಸ್ವಂತ ವಸ್ತುವನ್ನು ಕಾಯುವಷ್ಟು ಎಚ್ಚರಿಕೆಯಿಂದ ಅದನ್ನು ಕಾಯಬೇಕು. ಹೇಳಿದ ಕೆಲಸವು ಮುಗಿದೊಡನೆ, ಕೇಳುವುದಕ್ಕಾಗಿ ಕಾಯದೆ ಮರಳಿಸಬೇಕು. ಬಾಡಿಗೆಯಿಲ್ಲದೆ ಕೊಟ್ಟದ್ದನ್ನು ಒಡೆಯನು ಅವಧಿಗೆ ಮುಂಚೆಯೂ ಕೇಳಬಹುದು. ಆದರೆ ನಡುವೆ ಕಿತ್ತುಕೊಂಡುದರಿಂದ, ಪಡೆದ ಲಾಭಕ್ಕಿಂತ ಹೆಚ್ಚಿನ ಹಾನಿಯು ಆ ಬಡವನಿಗಾದರೆ ಅದನ್ನು ಒಡೆಯನೇ ತುಂಬಿಕೊಡಬೇಕು.

ಇವೆಲ್ಲವೂ ಸರಿ. ಆದರೆ ನಮ್ಮ ಸೀಮೆಯ ಕಠಿಣವಾದ ಪ್ರಸಂಗವು ಬೇರೆಯಿದೆ. ಹಿಂಗಾರಿ ಜೋಳದ ಬಿತ್ತನೆಯು ಉತ್ತರೆ, ಹಸ್ತದ ಮಳೆಗಳನ್ನು ನೋಡಿಕೊಂಡು ನಡೆಯುತ್ತದೆ. ಎರೆಮಣ್ಣು ಹಸಿಯಾಗಿದ್ದಾಗ ಎತ್ತಿನ ಕಾಲು ಹೂಳುತ್ತದೆ. ಆರಿದರೆ ಬಿರುಕು ಬಿಡುತ್ತದೆ. ನಡುವೆ ಸಿಗುವ ಹದವು ಕೆಲವೇ ದಿನಗಳದು. ಆ ದಿನಗಳಲ್ಲಿ ಎಲ್ಲರಿಗೂ ಕೂರಿಗೆ ಬೇಕು. ಎತ್ತು, ಕೂರಿಗೆಗಳಿಲ್ಲದ ನೆರೆಯವನು ಬಾಗಿಲಿಗೆ ಬಂದು ನಿಲ್ಲುವುದೂ ಆಗಲೇ. ಕೊಟ್ಟರೆ ನಮ್ಮ ಹದ ತಪ್ಪುತ್ತದೆ; ಕೊಡದಿದ್ದರೆ ಅವನ ಮನೆಗೆ ವರ್ಷದ ಜೋಳವಿಲ್ಲ.

ತನ್ನವರು ದುಃಖದಲ್ಲಿರುವಾಗ ಅವರನ್ನು ಬಿಟ್ಟು ಪರರಿಗೆ ಕೊಡುವುದು ಧರ್ಮದ ಹುಸಿರೂಪವೆಂದು ಮನು ಹೇಳಿದ್ದಾನೆ. ಆದ್ದರಿಂದ ಮೊದಲು ತನ್ನ ಹೊಲ ಬಿತ್ತುವುದು ದೋಷವಲ್ಲ. ಆದರೆ ತನ್ನದಾದೊಡನೆ ಕೂರಿಗೆಯನ್ನು ಅಟ್ಟಕ್ಕೇರಿಸಿ, ನೆರೆಯವನ ಹದವು ಆರುವುದನ್ನು ನೋಡುತ್ತ ಕೂಡುವುದು ಮಹಾದೋಷ. ತನಗಾಗಿಯೇ ಅಡಿಗೆ ಮಾಡಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆಂಬ ಗೀತೆಯ ಉಪದೇಶವು ಇಲ್ಲಿಗೆ ನೇರವಾಗಿ ಅನ್ವಯಿಸುತ್ತದೆ. ನೆರೆಯವನದು ಸಣ್ಣ ಹೊಲವಾದರೆ ನಸುಕಿನಲ್ಲಿ ಅವನದು, ಬಿಸಿಲೇರಿದ ಮೇಲೆ ನಮ್ಮದು ಎಂದು ದಿನವನ್ನೇ ಹಂಚಿಕೊಳ್ಳಬಹುದು. ನಮ್ಮ ಹಿರಿಯರು ಇದಕ್ಕಾಗಿಯೇ ಮುಯ್ಯಾಳಿನ ಪದ್ಧತಿಯನ್ನು ಇಟ್ಟುಕೊಂಡಿದ್ದರು: ಸಲಕರಣೆಯ ಜೊತೆಗೆ ಒಡೆಯನೂ ಹೋಗುತ್ತಿದ್ದನು, ಮುಂದೊಂದು ದಿನ ಅವನು ಬಂದು ಇವನ ಹೊಲದಲ್ಲಿ ದುಡಿದು ಮುಯ್ಯಿ ತೀರಿಸುತ್ತಿದ್ದನು. ತೆಗೆದುಕೊಂಡವನಿಗೆ ಹಂಗಿಲ್ಲ, ಕೊಟ್ಟವನಿಗೆ ಹಾನಿಯಿಲ್ಲ. ಮುರಿದುದನ್ನು ಬಡಿಗನೂ ಕಮ್ಮಾರನೂ ಸುಗ್ಗಿಯಲ್ಲಿ ಪಡೆಯುವ ಆಯಕ್ಕೆ ಪ್ರತಿಯಾಗಿ ನೆಟ್ಟಗೆ ಮಾಡಿಕೊಡುತ್ತಿದ್ದರು. ಆ ವ್ಯವಸ್ಥೆಯು ಸಡಿಲಿದ ಈ ಕಾಲದಲ್ಲಿ ದುರಸ್ತಿಗೆ ರೊಕ್ಕ ಬೇಕು. ಎರವಲಿನ ಜಗಳಗಳು ಹೆಚ್ಚಲು ಇದೂ ಒಂದು ಕಾರಣ. ಕರ್ನಾಟಕ ಸರ್ಕಾರವು 2014ರಿಂದ ಹೋಬಳಿಗಳಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳು ಬಾಡಿಗೆಗೆ ಸಿಗುವಂತಾದವು. ದೊಡ್ಡ ಯಂತ್ರಗಳಿಗೆ ಅಂಥ ದಾರಿಯೇ ಲೇಸು. ಸ್ನೇಹಕ್ಕೆ ಹೊರಲಾಗದ ಭಾರವನ್ನು ಹೊರಿಸಬಾರದು.

ಈಗ ಸಾರವನ್ನು ಹೇಳುತ್ತೇವೆ. ಕೊಡುವವನು ಕೊಡುವ ಮುನ್ನವೇ ಮನಸ್ಸಿನಲ್ಲಿ ನಿರ್ಣಯಿಸಿಕೊಳ್ಳಲಿ: ಇದು ಮುರಿದರೆ, ಬಾರದೆ ಹೋದರೆ ಇವನೊಡನೆ ಮೊದಲಿನಂತೆಯೇ ಇರಬಲ್ಲೆನೇ? ಇರಬಲ್ಲೆನಾದರೆ ಸಂತೋಷದಿಂದ ಕೊಡಲಿ. ಇರಲಾರೆನಾದರೆ ವಿನಯದಿಂದ ಇಲ್ಲವೆನ್ನಲಿ. ಕೊಟ್ಟು ಹಿಂದಿನಿಂದ ಆಡಿಕೊಳ್ಳುವುದು ಮಾತ್ರ ಬೇಡ. ಕೊಟ್ಟ ಪುಣ್ಯವನ್ನು ಆ ಮಾತು ತಿಂದುಹಾಕುತ್ತದೆ. ಹಂಡೆ, ಪರಾತಗಳ ಅಂಚಿನಲ್ಲಿ ಹೆಸರು ಕೊರೆಯಿಸುವುದು, ಕೊಟ್ಟ ದಿನವನ್ನು ಬರೆದಿಡುವುದು ಅವಿಶ್ವಾಸವಲ್ಲ. ಮರೆವಿಗೆ ಹಾಕಿದ ಬೇಲಿ ಅದು. ತೆಗೆದುಕೊಂಡವನು ಹೇಳಿದ ಕೆಲಸಕ್ಕಷ್ಟೇ ಬಳಸಲಿ, ಮೂರನೆಯವನಿಗೆ ದಾಟಿಸದಿರಲಿ, ತೊಳೆದು, ಮೊನೆ ಮಾಡಿಸಿ, ತಾನೇ ಹೊತ್ತು ತಂದು ಒಪ್ಪಿಸಲಿ. ಮುರಿದಿದ್ದರೆ ಮೊದಲು ಬಾಯಿಬಿಟ್ಟು ಹೇಳಲಿ, ಆಮೇಲೆ ದುರಸ್ತಿಯ ಮಾತಾಡಲಿ. ಬಡವನಾಗಿ ತುಂಬಿಕೊಡಲಾರದವನು ಬಂದು ಹೇಳಿದರೆ ಒಡೆಯನು ಕ್ಷಮಿಸಲಿ. ಆಗ ಅದು ಎರವಲಾಗಿ ಹೋಗಿ ದಾನವಾಗಿ ನಿಲ್ಲುತ್ತದೆ.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷಕ್ಕೆ ಒಪ್ಪಿಸಿದರು. ವರ್ಷವು ಕಳೆದು ಉತ್ತರಕುಮಾರನು ಮರವನ್ನೇರಿ ಇಳಿಸಿದಾಗ ಅವು ಇಟ್ಟಂತೆಯೇ ಇದ್ದವು. ಆ ಬನ್ನಿಯ ಎಲೆಗಳನ್ನೇ ನಾವು ದಶಮಿಯ ಸಂಜೆ ಬಂಗಾರವೆಂದು ಕೊಟ್ಟು ತೆಗೆದುಕೊಂಡು ಹಿರಿಯರಿಗೆ ನಮಸ್ಕರಿಸುತ್ತೇವೆ. ಈ ವರ್ಷ ಬನ್ನಿ ಕೊಡಲು ಹೋಗುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಮೂಲೆಯನ್ನೊಮ್ಮೆ ನೋಡಲಿ. ಅಲ್ಲಿ ಪರರ ಹಾರೆ, ಪರರ ಹಂಡೆ ಉಳಿದಿದ್ದರೆ ಬನ್ನಿಯ ಜೊತೆಗೆ ಅದನ್ನೂ ಒಯ್ದು ಒಪ್ಪಿಸಲಿ. ಮಾತು ನಿಂತ ಮನೆಯಿದ್ದರೆ ಮೊದಲು ಅಲ್ಲಿಗೇ ಹೋಗಲಿ.

ಎಲ್ಲವನ್ನೂ ನಮಗೆ ಎರವಲಾಗಿ ಕೊಟ್ಟಿರುವ ಸ್ವಾಮಿಯು ಒಂದು ದಿನ ಈ ದೇಹವನ್ನೂ ಮರಳಿ ಕೇಳುವವನೇ. ಆಗ ಅಳದೆ ಒಪ್ಪಿಸುವ ಅಭ್ಯಾಸವನ್ನು ನೆರೆಯವನ ಕುಡಗೋಲಿನಿಂದಲೇ ಆರಂಭಿಸೋಣ. ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ನಮ್ಮೆಲ್ಲರಿಗೂ ಅಂಥ ಬುದ್ಧಿಯನ್ನು ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥