ಹಿರಿಯರ ವ್ರತ, ಕಿರಿಯರ ಹಸಿವು

ಗೃಹಸ್ಥನು ಸಕುಟುಂಬನಾಗಿ ನೆಂಟರ ಊರಿಗೆ ಹೊರಡುವಾಗ ಗಂಟುಮೂಟೆಗಳ ಜೊತೆಗೆ ಮನೆಯವರ ವ್ರತನಿಯಮಗಳೂ ಪಯಣ ಹೊರಡುತ್ತವೆ. ಮನೆಯಲ್ಲಿದ್ದಾಗ ಅವುಗಳ ಭಾರ ತಿಳಿಯದು. ಅಡುಗೆಮನೆ ಹತ್ತಿರದಲ್ಲಿದೆ, ಹೊತ್ತು ಇಳಿಯುವುದು ಅಂಗಳದಲ್ಲಿ ಕಾಣುತ್ತದೆ, ರಾತ್ರಿಭೋಜನ ತ್ಯಾಗವು ತಾನಾಗಿ ನಡೆದುಹೋಗುತ್ತದೆ. ದಾರಿಯಲ್ಲಿ ಹಾಗಾಗದು. ಎಳೆಯ ಮಕ್ಕಳು ಜೊತೆಗಿದ್ದರಂತೂ ಒಂದು ಪ್ರಶ್ನೆ ಏಳದೆ ಇರದು: ಹಿರಿಯರು ಕೈಕೊಂಡ ವ್ರತಕ್ಕೆ ಕಿರಿಯರ ಹೊಟ್ಟೆ ಎಷ್ಟರಮಟ್ಟಿಗೆ ಹೊಣೆ?

ಬೆಂಗಳೂರಿನಲ್ಲಿ ನೆಲೆಸಿದ ಒಂದು ಶ್ರಾವಕ ಕುಟುಂಬವು ದಸರೆಯ ರಜೆಯಲ್ಲಿ ಮನೆಯೊಡತಿಯ ತವರಾದ ಮೂಡುಬಿದಿರೆಗೆ ಸ್ವಂತ ಕಾರಿನಲ್ಲಿ ಹೊರಟ ಪ್ರಸಂಗವನ್ನು ಇಲ್ಲಿ ನೆನೆಯಬಹುದು. ಗಂಡಹೆಂಡಿರಿಬ್ಬರಿಗೂ ರಾತ್ರಿಭೋಜನ ತ್ಯಾಗವಿದೆ. ಒಂಬತ್ತು ವರ್ಷದ ಮಗಳು ಆ ಚಾತುರ್ಮಾಸ್ಯದಲ್ಲಿ ಮುನಿಗಳ ಸನ್ನಿಧಿಯಲ್ಲಿ, ದೀಪಾವಳಿಯವರೆಗೆಂದು, ಅದೇ ನಿಯಮವನ್ನು ತಾನಾಗಿ ಬೇಡಿ ಪಡೆದಿದ್ದಳು. ಮಗನಿಗೆ ನಾಲ್ಕು ವರ್ಷ.

ಬೆಳಗಿನ ಐದಕ್ಕೆ ಹೊರಡಬೇಕಾದವರು ಹೊರಟದ್ದು ಏಳಕ್ಕೆ. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಮಗನನ್ನೆತ್ತಿಕೊಂಡು ಹತ್ತಿ ಇಳಿಯುವಷ್ಟರಲ್ಲಿ ನಡುಹಗಲಾಯಿತು. ಅಲ್ಲಿಂದ ನೇರ ಮುಂದೆ ಸಾಗಿದ್ದರೂ ಹೊತ್ತು ಒದಗುತ್ತಿತ್ತು. ಆದರೆ ಹಳೇಬೀಡಿನಲ್ಲಿ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯನ್ನೂ ಮಕ್ಕಳಿಗೆ ತೋರಿಸಬೇಕೆಂದು ಯಜಮಾನರಿಗೆ ಅನಿಸಿತು. ಆ ಕಂಬಗಳ ನುಣುಪಿನಲ್ಲಿ ಮುಖ ನೋಡಿಕೊಂಡು ಮಕ್ಕಳು ನಕ್ಕದ್ದು ನಿಜ. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ಮುಟ್ಟಿದಾಗ ಗಂಟೆ ಐದಕ್ಕೆ ಹತ್ತಿರ. ಬುಟ್ಟಿಯಲ್ಲಿ ಇಡ್ಲಿ, ಅವಲಕ್ಕಿ, ಬಾಳೆಹಣ್ಣು, ಸೋಸಿ ಕಾಯಿಸಿದ ನೀರು ಎಲ್ಲವೂ ಇದ್ದವು. ಚಾರ್ಮಾಡಿಯ ತಿರುವುಗಳಲ್ಲಿ ಮಗನಿಗೆ ವಾಂತಿಯಾದೀತು, ಕೆಳಗಿಳಿದ ಮೇಲೆ ಉಂಡರಾಯಿತೆಂದು ಹಿರಿಯರಿಬ್ಬರೂ ಮುಂದೆ ಸಾಗಿದರು.

ಘಾಟಿಯ ನಡುವೆ ಬಸ್ಸೊಂದು ಕೆಟ್ಟು ನಿಂತಿತ್ತು. ವಾಹನಗಳ ಸಾಲು ಬೆಳೆಯಿತು, ಮಂಜು ಕವಿಯಿತು. ಮಗ ನಿದ್ದೆಹೋಗಿದ್ದ. ಐದೂವರೆಯ ಹೊತ್ತಿಗೆ ಮಗಳು, "ಅಮ್ಮಾ, ನಾನು ಈಗಲೇ ಉಣ್ಣಲೇ?" ಎಂದು ಕೇಳಿದಳು. "ಇನ್ನೇನು ದಾರಿ ಬಿಡುತ್ತದೆ ಮಗಳೇ, ಕೆಳಗೆ ಎಲ್ಲರೂ ಕೂಡಿ ಉಣ್ಣೋಣ" ಎಂದು ತಾಯಿ ಹೇಳಿದಳು. ದಾರಿ ಬಿಟ್ಟಾಗ ಏಳು ಗಂಟೆ. ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು. ಮಗ ಎದ್ದು ಹಸಿವೆಂದು ಅಳತೊಡಗಿದ.

ಇಲ್ಲಿ ಶಾಸ್ತ್ರದ ಮಾತನ್ನು ವಿಚಾರಿಸಬೇಕು. ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ ಈ ಕೊನೆಯದನ್ನೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರವಾರಣವೆಂದು ಎಣಿಸಿದ್ದಾರೆ. ತನ್ನನ್ನೇ ನಂಬಿದ ಜೀವಿಗೆ ಹೊತ್ತಿಗೆ ಸರಿಯಾಗಿ ಅನ್ನ ನೀರು ಕೊಡದಿರುವುದು ಹಿಂಸೆಯ ಪಕ್ಕದ ಮನೆ. ಇದನ್ನು ಬೋಧಿಸುವಾಗ ಎತ್ತು, ಎಮ್ಮೆ, ಆಳುಕಾಳುಗಳ ಉದಾಹರಣೆ ಕೊಡುವ ರೂಢಿಯಿದೆ. ಹೆತ್ತ ಮಕ್ಕಳು ಆ ಪಟ್ಟಿಗೆ ಸೇರುತ್ತಾರೆಂಬುದು ಮರೆತುಹೋಗುತ್ತದೆ.

ಇನ್ನು ವ್ರತಗ್ರಹಣದ ಯೋಗ್ಯತೆಯ ಮಾತು. ಎಂಟು ವರ್ಷ ತುಂಬುವ ಮೊದಲು ಮನುಷ್ಯನಿಗೆ ಸಂಯಮವಾಗಲಿ ದೇಶಸಂಯಮವಾಗಲಿ ಒದಗದೆಂಬುದು ನಮ್ಮ ಆಗಮಪರಂಪರೆಯ ನಿಲುವು. ಆದಿಪುರಾಣದಲ್ಲಿ ಜಿನಸೇನಾಚಾರ್ಯರು ಉಪನೀತಿ ಕ್ರಿಯೆಯನ್ನು ಗರ್ಭದಿಂದ ಎಂಟನೆಯ ವರ್ಷಕ್ಕೆ ಇಟ್ಟಿದ್ದಾರೆ. ಹಾಗಾದರೆ ನಾಲ್ಕು ವರ್ಷದ ಮಗುವಿಗೆ ಮುರಿಯಲು ವ್ರತವೇ ಇಲ್ಲ. ಅವನದು ಮನೆಯ ರೂಢಿ. ರೂಢಿಯೂ ಬೇಕು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಆದರೆ ಗಿಡವನ್ನು ದಿನದಿನವೂ ಮೆಲ್ಲನೆ ಬಗ್ಗಿಸಬೇಕು. ಹಿರಿಯರೇ ಹೊತ್ತು ಮೀರಿಸಿ, ಕತ್ತಲಾದ ಮೇಲೆ ಮಗುವಿಗೆ ಅಳುವನ್ನು ಉಣಿಸಿದರೆ ಅದು ಕಲಿಯುವುದು ಧರ್ಮದ ಮೇಲಣ ಮುನಿಸನ್ನು.

ತಾಯಿ ಮಗನಿಗೆ ಉಣಿಸಿದಳು. ಕಾರಿನೊಳಗಿನ ದೀಪದ ಬೆಳಕಿನಲ್ಲಿ ಒಂದೊಂದು ತುತ್ತನ್ನೂ ಬೆರಳಿಂದ ಬಿಡಿಸಿ ನೋಡಿ ಬಾಯಿಗಿಟ್ಟಳು. ಇದರಿಂದ ಅವಳ ವ್ರತಕ್ಕೆ ಭಂಗ ಬಂತೆಂದು ಹೇಳುವವರು ಇರಬಹುದು. ಪೂರ್ವನಿಶ್ಚಯದಿಂದ ರಾತ್ರಿ ಅಡುಗೆ ಮಾಡಿ ಬಡಿಸುವುದಕ್ಕೂ, ಸಂಕಟದಲ್ಲಿ ಹಗಲಿನ ಬುತ್ತಿಯನ್ನು ಕೂಸಿಗೆ ಕೊಡುವುದಕ್ಕೂ ಇರುವ ಅಂತರವನ್ನು ಅವರು ಅರಿಯಬೇಕು.

ಕಠಿಣವಾದದ್ದು ಮಗಳ ಪ್ರಸಂಗ. ತಂದೆ ಕನಿಕರದಿಂದ, "ನೀನೂ ತಿನ್ನಮ್ಮ. ದಾರಿಯಲ್ಲಿ ದೋಷವಿಲ್ಲ, ಆಮೇಲೆ ಪ್ರಾಯಶ್ಚಿತ್ತ ಕೇಳಿದರಾಯಿತು" ಎಂದರು. ಮಗಳು ತಲೆಯಲ್ಲಾಡಿಸಿದಳು. "ಮುನಿಗಳ ಮುಂದೆ ಹೇಳಿದ್ದೇನೆ, ಅಪ್ಪಾ" ಎಂದು ಕಿಟಕಿಯ ಕಡೆಗೆ ತಿರುಗಿದಳು. ತಂದೆಯ ಕನಿಕರ ಸಹಜವಾದದ್ದು. ಆದರೂ ಆ ಮಾತಿನಲ್ಲಿ ಕನಿಕರಕ್ಕಿಂತ ಬೇರೊಂದು ಬೆರೆತಿತ್ತು. ಐದೂವರೆಗೆ ಕೇಳಿದಾಗ ಬುಟ್ಟಿ ತೆರೆಯದ ತಪ್ಪು ಹಿರಿಯರನ್ನು ಕುಟುಕುತ್ತಿತ್ತು; ಅವಳೊಂದು ತುತ್ತು ತಿಂದಿದ್ದರೆ ಆ ಕುಟುಕು ನಿಲ್ಲುತ್ತಿತ್ತು. ತಮ್ಮ ಪ್ರಮಾದವನ್ನು ಮಗುವಿನ ವ್ರತದಲ್ಲಿ ತೊಳೆದುಕೊಳ್ಳುವುದು ನ್ಯಾಯವಲ್ಲ. ಅವಳು ಕಾಯಿಲೆಯವಳಾಗಿದ್ದರೆ ಮಾತು ಬೇರೆ, ವ್ರತವು ಯಥಾಶಕ್ತಿ. ಆರೋಗ್ಯವಂತಳಾದ ಹುಡುಗಿ ತಾನರಿತು ಒಂದಿರುಳು ಹಸಿದಿರುವೆನೆಂದಾಗ, ಹಸಿವು ಅವಳದೇ ಆಗಿದ್ದರೂ ಅದಕ್ಕೆ ಹೊಣೆ ಹಿರಿಯರದು. ಅವರು ಮಾಡಬಹುದಾದುದು ಇನ್ನೇನೂ ಇರಲಿಲ್ಲ, ಒಪ್ಪಿಕೊಳ್ಳುವುದರ ಹೊರತು. ಕೆಲವು ತಿರುವುಗಳಾದ ಮೇಲೆ ತಂದೆ, "ನೀನು ಕೇಳಿದಾಗಲೇ ಕೊಡಬೇಕಿತ್ತು, ನಮ್ಮದು ತಪ್ಪಾಯಿತು" ಎಂದರು. ತಂದೆ ಮಗಳಿಗೆ ಹೀಗೆ ಹೇಳುವುದು ನಮ್ಮ ಮನೆಗಳಲ್ಲಿ ಅಪರೂಪ.

ಇನ್ನೊಂದು ಸಂಗತಿ ಉಳಿಯಿತು. ಅಹಿಂಸಾವ್ರತವನ್ನು ನೆಲೆಗೊಳಿಸುವ ಐದು ಭಾವನೆಗಳನ್ನು ಹೇಳುವ ಸೂತ್ರದಲ್ಲಿ ಆಲೋಕಿತಪಾನಭೋಜನ, ಎಂದರೆ ಬೆಳಕಿನಲ್ಲಿ ನೋಡಿ ಉಣ್ಣುವುದು, ಸೇರಿದೆ. ರಾತ್ರಿಭೋಜನ ತ್ಯಾಗವು ಅದರಲ್ಲೇ ಅಡಗಿದೆಯೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಸಮಾಧಾನ ಹೇಳಿದ್ದಾರೆ. ಅದೇ ಸೂತ್ರದಲ್ಲಿ ಈರ್ಯಾಸಮಿತಿಯೂ ಇದೆ: ನೋಡಿ ನಡೆಯುವುದು. ಇವೆರಡನ್ನೂ ಆಚಾರ್ಯರು ಒಂದೇ ಸಾಲಿನಲ್ಲಿ ಇಟ್ಟರು. ಕತ್ತಲಲ್ಲಿ ತಟ್ಟೆಗೆ ಹುಳುಹುಪ್ಪಟೆ ಬಿದ್ದೀತೆಂದು ಅಂಜುವ ಗೃಹಸ್ಥನು ಅದೇ ಕತ್ತಲಲ್ಲಿ ಚಾರ್ಮಾಡಿಯಿಂದ ಉಜಿರೆ, ಬೆಳ್ತಂಗಡಿ, ಮೂಡುಬಿದಿರೆಯವರೆಗೆ ಕಾರು ಓಡಿಸುತ್ತಾನೆ. ದೀಪಕ್ಕೆ ಮುತ್ತಿದ ಪತಂಗಗಳೆಷ್ಟು ಅಂದು ಮುಂಗಾಜಿಗೆ ಬಡಿದುವೋ! ಗೃಹಸ್ಥನಿಗೆ ಮುನಿಯ ಸಮಿತಿ ಪೂರ್ಣವಾಗಿ ಸಾಧ್ಯವಿಲ್ಲ, ರಾತ್ರಿಯ ಪಯಣ ಕೆಲವೊಮ್ಮೆ ಅನಿವಾರ್ಯ. ಅಂದಿನದು ಅನಿವಾರ್ಯವಾಗಿರಲಿಲ್ಲ. ಇಂದಿನ ದಿನ ಇಷ್ಟು ದೂರ, ಇಷ್ಟು ಹೊತ್ತು ಎಂದು ಗಡಿ ಹಾಕಿಕೊಳ್ಳುವ ದೇಶಾವಕಾಶಿಕವು ಇರುವುದು ಇಂತಹ ದಿನಗಳಿಗಾಗಿಯೇ. ಗಡಿಯನ್ನು ಹಿಗ್ಗಿಸುವ ಕ್ಷೇತ್ರವೃದ್ಧಿಯನ್ನು ದಿಗ್ವ್ರತದ ಅತಿಚಾರವೆಂದು ಹೇಳಿದೆ; ಬಸದಿಯ ದರ್ಶನಕ್ಕಾಗಿ ಹಿಗ್ಗಿಸಿದರೂ ಹೊತ್ತು ಹಿಗ್ಗುವುದಿಲ್ಲ.

ಮೂಡುಬಿದಿರೆ ಮುಟ್ಟಿದಾಗ ಅಜ್ಜಿ ಜಗಲಿಯಲ್ಲೇ ಕುಳಿತಿದ್ದರು. ಮಗಳು ಉಂಡಿಲ್ಲವೆಂದು ತಿಳಿದು ಅವರೇನೂ ಅನ್ನಲಿಲ್ಲ; ಅವಳ ಪಕ್ಕದಲ್ಲೇ ಮಲಗಿದರು. ಮರುದಿನ ಸೂರ್ಯ ಹುಟ್ಟಿ ಎರಡು ಘಳಿಗೆ, ಎಂದರೆ 48 ನಿಮಿಷ, ಕಳೆದ ಮೇಲೆ ಅವಳ ಮುಂದೆ ಬಾಳೆಲೆ ಹಾಕಿದರು. ತಂದೆ ತಾಯಿ ಅವಳು ಉಂಡೇಳುವವರೆಗೆ ಕಾದರು.

ಹಿಂದಿರುಗುವ ದಿನ ಹೊತ್ತು ಮೂಡುತ್ತಲೇ ಕಾರು ಹೊರಟಿತು. ಹಳೇಬೀಡಿನ ಕಡೆಗೆ ತಿರುಗಲಿಲ್ಲ. ಊಟಕ್ಕೆ ಎಲ್ಲಿ, ಎಷ್ಟು ಗಂಟೆಗೆ ನಿಲ್ಲಬೇಕೆಂಬುದನ್ನು ಮಗಳೇ ಹೇಳಿದಳು.